ಸಲಿಕೆಯ ಅಂಕ

ಯೆಫಿಮ್ ತಾರಾಸೊವಿಚ್ ಗೊರೆಲೋವ್‌ಗೆ ನಮ್ಮ ಝವ್ಯಾಲ್‌ಸ್ಕ್ ಊರಿನಲ್ಲಿ ಇರುವ ಮರ್ಯಾದೆ ಮೇಯರಿಗೂ ಇಲ್ಲ. ಮೇಯರ್ ಹೆಚ್ಚೆಂದರೆ ರಸ್ತೆಗೆ ಡಾಂಬರು ಹಾಕಿಸಿಯಾನು. ಯೆಫಿಮ್ ಮನಸ್ಸು ಮಾಡಿದರೆ ಮನೆಮಗನನ್ನು ಅಮೆರಿಕಕ್ಕೆ ಕಳಿಸಬಲ್ಲ. ಹಾಗಂತ ಊರಿನ ತಾಯಂದಿರು ನಂಬಿದ್ದಾರೆ, ನಂಬಲಿ ಬಿಡಿ. ಅವನ ಕೆಲಸ ಇಷ್ಟೇ: ಸಾಗರದಾಚೆಯ ಐಸ್ ಹಾಕಿ ಕ್ಲಬ್ಬೊಂದು ಪ್ರತಿ ಬೇಸಿಗೆಯ ಡ್ರಾಫ್ಟ್ ದಿನ ನಮ್ಮ ಕಡೆಯ ಒಂದೆರಡು ಹುಡುಗರ ಹೆಸರು ಕೂಗಿ, ‘ಇವನು ನಮ್ಮವನು’ ಎಂದು ಕಾದಿರಿಸಿಕೊಳ್ಳುತ್ತದೆ. ಆಮೇಲೆ ಹುಡುಗ ಎರಡು ಮೂರು ವರ್ಷ ಇಲ್ಲೇ ಆಡುತ್ತಾ ಬೆಳೆಯುತ್ತಾನೆ. ಬೆಳೆಯುತ್ತಿದ್ದಾನೋ, ಬರೀ ಉದ್ದವಾಗುತ್ತಿದ್ದಾನೋ ಎಂದು ನೋಡಿ ಬರೆದು ಕಳಿಸುವವನು ಯೆಫಿಮ್.

ಒಂದು ಕಾಲದಲ್ಲಿ ಅವನೂ ಉಕ್ಕಿನ ಕಾರ್ಖಾನೆಯ ತಂಡದಲ್ಲಿ ಆಡಿದವನೇ. ಇಪ್ಪತ್ತೇಳಕ್ಕೆ ಮಂಡಿ ಕೈಕೊಟ್ಟಿತು. ಆಮೇಲೆ ಹನ್ನೆರಡು ವರ್ಷ ಅದೇ ಕಾರ್ಖಾನೆಯಲ್ಲಿ ಕೆಂಡದಂಥ ಕಬ್ಬಿಣದ ಮುಂದೆ ನಿಂತ. ಒಂದು ಚಳಿಗಾಲ, ತೆಳ್ಳನೆಯ ಬೂಟು ಹಾಕಿಕೊಂಡು ನಡುಗುತ್ತಾ ಪಂದ್ಯ ನೋಡುತ್ತಿದ್ದ ವಿದೇಶಿಯೊಬ್ಬನಿಗೆ ಇವನು ತನ್ನ ಫ್ಲಾಸ್ಕಿನಿಂದ ಚಹಾ ಬಗ್ಗಿಸಿಕೊಟ್ಟು, “ಆ ಗೋಲ್‌ಕೀಪರ್ ಎಡಗಾಲು ಎಳೀತಾನೆ, ಅವನನ್ನ ತಗೋಬೇಡಿ” ಅಂದ. ವಿದೇಶಿ ಕೇಳಲಿಲ್ಲ, ತೆಗೆದುಕೊಂಡ, ಪಶ್ಚಾತ್ತಾಪಪಟ್ಟ. ಮರುವರ್ಷ ಬಂದವನು ಸೀದಾ ಯೆಫಿಮ್‌ನ ಮನೆ ಬಾಗಿಲು ತಟ್ಟಿದ. ಅದಾಗಿ ಇಪ್ಪತ್ತೆರಡು ವರ್ಷ.

ಜಿಲ್ಲಾ ಪಟ್ಟಣದ ಕ್ರೀಡಾಂಗಣದಲ್ಲಿ ಅವನ ಜಾಗ ಎಂದೂ ಒಂದೇ. ಗೋಲಿನ ಎಡಕ್ಕೆ, ಎಲೆಕೋಸು ತುಂಬಿ ಬೇಯಿಸಿದ ಪಿರೋಗ್ ರೊಟ್ಟಿ ಮಾರುವ ಅಂಗಡಿಯ ಪಕ್ಕದ ಮೂಲೆ. ಕುರಿತುಪ್ಪಳದ ಟೋಪಿ, ಫ್ಲಾಸ್ಕು, ಚೌಕುಳಿ ಹಾಳೆಯ ಶಾಲಾ ನೋಟ್‌ಬುಕ್. ಶಾಲೆಯಲ್ಲಿದ್ದಂತೆ ಐದಕ್ಕೆ ಅಂಕ. ಓಟಕ್ಕೆ ಇಷ್ಟು, ಕೈಚಳಕಕ್ಕೆ ಇಷ್ಟು, ತಲೆಗೆ ಇಷ್ಟು, ಧೈರ್ಯಕ್ಕೆ ಇಷ್ಟು. ಕೊನೆಯ ಕಾಲಮ್ಮಿನ ಹೆಸರು ಮಾತ್ರ ‘ಸಲಿಕೆ’. ಅದು ಏನೆಂದು ಸಾಗರದಾಚೆ ಒಬ್ಬರಿಗೂ ಗೊತ್ತಿಲ್ಲ. ರಷ್ಯನ್ನರ ಯಾವುದೋ ಗಹನವಾದ ಶಾಸ್ತ್ರವಿರಬೇಕು ಎಂದು ಅವರು ಗೌರವದಿಂದ ಸುಮ್ಮನಿದ್ದರು.

ಶಾಸ್ತ್ರವೂ ಇಲ್ಲ, ಮಣ್ಣೂ ಇಲ್ಲ. ಯೆಫಿಮ್‌ನ ಮನೆ ಐದನೇ ಮಹಡಿ. ಅಡುಗೆಮನೆಯ ಕಿಟಕಿಯ ನೇರ ಕೆಳಗೆ ಅಂಗಳದಲ್ಲಿ ಹಲಗೆ ಕಟ್ಟಿದ ಐಸ್ ಮೈದಾನ. ಎಲ್ಲರೂ ಅದನ್ನು ‘ಪೆಟ್ಟಿಗೆ’ ಎನ್ನುತ್ತಾರೆ. ಹುಡುಗರು ಎಷ್ಟೇ ದೊಡ್ಡ ಕ್ಲಬ್ಬಿಗೆ ಆಡಲಿ, ಹೊಸ ವರ್ಷದ ರಜೆಗೆ ಮನೆಗೆ ಬಂದರೆ ಪೆಟ್ಟಿಗೆಯಲ್ಲಿ ಒಂದು ಕೈ ಆಡದೆ ಹೋಗುವುದಿಲ್ಲ. ರಾತ್ರಿ ಹಿಮ ಬಿದ್ದರೆ ಮೊದಲು ಅದನ್ನು ಯಾರಾದರೂ ಎತ್ತಿಹಾಕಬೇಕಲ್ಲ? ಯಾರು ಬಾಯಿ ಮುಚ್ಚಿಕೊಂಡು ಸಲಿಕೆ ಹಿಡಿಯುತ್ತಾನೆ, ಯಾರು ಹಲಗೆಗೆ ಒರಗಿ ಹಲ್ಲು ಕಿರಿಯುತ್ತಾನೆ, ಯಾರು ಎಲ್ಲ ಮುಗಿದ ಮೇಲೆ ಆಕಳಿಸುತ್ತಾ ಬರುತ್ತಾನೆ, ಇದನ್ನು ಯೆಫಿಮ್ ಪರದೆಯ ಸಂದಿನಿಂದ ದುರ್ಬೀನು ಹಿಡಿದು ನೋಡುತ್ತಿದ್ದ. “ಪಂದ್ಯದಲ್ಲಿ ಎಲ್ರೂ ಸಿಂಹಗಳೇ ಜೋಯಾ. ಯಾರೂ ನೋಡ್ತಿಲ್ಲ ಅಂದಾಗ ಏನು ಮಾಡ್ತಾನೆ ಅನ್ನೋದೇ ಅವನು” ಎಂದು ಹೆಂಡತಿಗೆ ಹೇಳುತ್ತಿದ್ದ. ಈ ಗುಟ್ಟು ಗೊತ್ತಿದ್ದುದು ಅವಳೊಬ್ಬಳಿಗೇ.

ಗಂಡನನ್ನು ಮುದ್ದಿಗೆ ಫೀಮಾ ಎನ್ನುವ ಜೋಯಾ ಪ್ಲಾಟೊನೊವ್ನಾ ಒಳ್ಳೆಯ ಹೆಂಗಸು. ಆದರೆ ಅಳುವವರನ್ನು ಕಂಡರೆ ಅವಳ ಕೈಕಾಲು ಆಡುವುದಿಲ್ಲ.

ಆ ಜನವರಿಯಲ್ಲಿ ವಾರೆನ್, ಅಂದು ಚಹಾ ಕುಡಿದಿದ್ದ ವಿದೇಶಿ, ಈಗ ಕ್ಲಬ್ಬಿನ ಮುಖ್ಯಸ್ಥ, ಫೋನು ಮಾಡಿದ. ಝವ್ಯಾಲ್‌ಸ್ಕ್‌ನವರೇ, ಜಿಲ್ಲಾ ಪಟ್ಟಣದ ಒಂದೇ ತಂಡಕ್ಕೆ ಆಡುವ ಮೂವರನ್ನು ಯೆಫಿಮ್‌ನ ಮಾತಿನ ಮೇಲೆ ಕ್ಲಬ್ಬು ಡ್ರಾಫ್ಟಿನಲ್ಲಿ ಕಾದಿರಿಸಿಕೊಂಡಿತ್ತು: ಗ್ಲೆಬ್ ಒಜೆರೋವ್, ಸವೇಲಿ ದ್ರೋಜ್ದೋವ್, ದಾಮಿರ್ ಖಸಾನೋವ್. ವಾರೆನ್ ಅರೆಬರೆ ರಷ್ಯನ್ನಿನಲ್ಲಿ ಹೇಳಿದ: “ಒಂದೇ ಜಾಗ ಇದೆ, ಯೆಫಿಮ್. ಸೋಮವಾರದೊಳಗೆ ಒಂದೇ ಹೆಸರು ಕೊಡಿ. ಉಳಿದಿಬ್ಬರನ್ನ ಕೈಬಿಡ್ತೀವಿ. ಇದೂ ಹೋದ ಸಲದ ಥರ ಆದ್ರೆ, ನಾವೂ ನೀವೂ ಕೈಕುಲುಕಿ ಬೇರೆ ಆಗೋದೇ ಒಳ್ಳೇದು.”

ಹೋದ ಸಲ ಯೆಫಿಮ್ ಐದಕ್ಕೆ ಐದು ಕೊಟ್ಟು ಕಳಿಸಿದವನು ನಾಲ್ಕೇ ತಿಂಗಳಿಗೆ, ‘ಅಲ್ಲಿ ಬ್ರೆಡ್ಡು ಸಿಹಿ’ ಎಂದು ವಾಪಸು ಬಂದಿದ್ದ. ಅದಕ್ಕೆ ಈಗ ಯೆಫಿಮ್‌ಗೆ ಅನ್ನ ಸೇರುತ್ತಿರಲಿಲ್ಲ. ಕೆಲಸ ಹೋದರೆ ಪಿಂಚಣಿ ಇದೆ, ಬದುಕಬಹುದು; ತನ್ನ ಕಣ್ಣು ಸತ್ತಿದೆ ಎಂದು ಊರು ಅಂದರೆ ಹೇಗೆ ಬದುಕುವುದು? ಅವನ ಮನಸ್ಸು ಸವೇಲಿಯ ಕಡೆ ವಾಲಿತ್ತು. ಗಾಳಿಯಂಥ ಓಟ, ಸಲಿಕೆಗೆ ಐದು. ದಾಮಿರ್ ಎತ್ತಿನಂಥವನು, ಆದರೆ ತಿರುಗುವಷ್ಟರಲ್ಲಿ ಊಟದ ಹೊತ್ತಾಗುತ್ತದೆ. ಇನ್ನು ಗ್ಲೆಬ್! ಕೈಗಳನ್ನು ದೇವರೇ ಕೂತು ಮಾಡಿದ್ದು. ಆದರೆ ಆಡುವ ಬಿಲ್ಲೆ ಒಮ್ಮೆ ಅವನ ಕೋಲಿಗೆ ಅಂಟಿತೋ, ಹೆತ್ತ ತಾಯಿ ಕೇಳಿದರೂ ಬಿಟ್ಟುಕೊಡ. ‘ಹಂಚಿಕೊಳ್ಳುವುದಿಲ್ಲ’ ಎಂದು ನೋಟ್‌ಬುಕ್ಕಿನಲ್ಲಿ ಅವನ ಹೆಸರಿನ ಮುಂದೆ ಕೆಂಪು ಗೆರೆ ಬಿದ್ದಿತ್ತು. ಮೇಲಾಗಿ ರಜೆಯಲ್ಲಿ ಹತ್ತು ಗಂಟೆಯವರೆಗೆ ಮಲಗುವ ಕುಂಭಕರ್ಣ. ಸಲಿಕೆಗೆ ಎರಡು.

ಶನಿವಾರ ಬೆಳಿಗ್ಗೆ ಒಳ್ಳೆಯ ಹಿಮ ಬಿದ್ದಿತ್ತು. ಯೆಫಿಮ್ ಚಹಾ ತೆಗೆದುಕೊಂಡು, ಬ್ರೆಡ್ಡಿಗೆ ದಪ್ಪಗೆ ಚೆರ್ರಿ ಜಾಮ್ ಬಳಿದುಕೊಂಡು, ಪರದೆ ಸರಿಸಿ ದುರ್ಬೀನು ಕಣ್ಣಿಗಿಟ್ಟ. ಇಟ್ಟವನು ಹಾಗೇ ನಿಂತುಬಿಟ್ಟ.

ಪೆಟ್ಟಿಗೆಯಲ್ಲಿ ಜಾತ್ರೆ ನೆರೆದಿತ್ತು! ಡ್ರಾಫ್ಟಾದ ಮೂವರಲ್ಲದೆ ಪಕ್ಕದ ಅಂಗಳದ ಹುಡುಗರೂ ಸೇರಿ ಒಂಬತ್ತು ಜನ. ಸವೇಲಿ, ದಾಮಿರ್ ಇಬ್ಬರೂ ಒಂದೇ ಸಲಿಕೆಯ ಎರಡು ತುದಿ ಹಿಡಿದು ಎಳೆದಾಡುತ್ತಿದ್ದರು. ಯಾವನೋ ಒಬ್ಬ ತಾನು ಎತ್ತಿಹಾಕಿದ ಹಿಮವನ್ನೇ ಒಳಗೆ ಸುರಿದುಕೊಂಡು ಮತ್ತೆ ಎತ್ತುತ್ತಿದ್ದ. ಗ್ಲೆಬ್‌ಗೆ ಸಲಿಕೆ ಸಿಕ್ಕಿರಲಿಲ್ಲ. ಮನೆಯಿಂದ ಪಿರೋಗ್ ಬೇಯಿಸುವ ತಗಡಿನ ತಟ್ಟೆ ತಂದು ಕೆರೆಯುತ್ತಿದ್ದ. ಪೆಟ್ಟಿಗೆ ಮುಗಿಯಿತೆಂದು ಅಂಗಳಕ್ಕೆ ನುಗ್ಗಿದರು, ಕಾರುಗಳ ನೆತ್ತಿ ಸವರಿದರು, ಕಸದ ತೊಟ್ಟಿಯವರೆಗೆ ರಾಜಬೀದಿ ಮಾಡಿದರು. ಅಂಗಳ ಗುಡಿಸುವ ಫರೀದಾ ಸೊಂಟದ ಮೇಲೆ ಕೈಯಿಟ್ಟುಕೊಂಡು, “ಅಯ್ಯೋ ನನ್ನಪ್ಪಗಳಾ, ಇಷ್ಟು ವರ್ಷ ಎಲ್ಲಿದ್ರಿ ನೀವು!” ಎನ್ನುತ್ತಿದ್ದಳು. ಮೂರು ಸಲಿಕೆ ಹಿಮಕ್ಕೊಮ್ಮೆ ಒಬ್ಬೊಬ್ಬರೂ ಐದನೇ ಮಹಡಿಯ ಕಿಟಕಿಯ ಕಡೆ ಕತ್ತೆತ್ತಿ ನೋಡುತ್ತಿದ್ದರು.

ಯೆಫಿಮ್ ದುರ್ಬೀನು ಇಳಿಸಿದ. ಕೈಯಲ್ಲಿದ್ದ ಬ್ರೆಡ್ಡನ್ನು ನೋಡಿದ. ತಮ್ಮ ತೋಟದ ಚೆರ್ರಿ ಮರ ಎರಡು ವರ್ಷದ ಹಿಂದೆಯೇ ಚಳಿಗೆ ಸತ್ತಿತ್ತು.

“ಜೋಯಾ, ಈ ಜಾಮ್ ಎಲ್ಲಿಂದ ಬಂತು?”

ಒಲೆಯ ಮುಂದಿದ್ದ ಜೋಯಾ ತಿರುಗಲಿಲ್ಲ. “ಯಾವ ಜಾಮು?”

“ನನ್ನ ಹೊಟ್ಟೆಯೊಳಗೆ ಅರ್ಧ ಹೋಗಿರೋ ಜಾಮು!”

“ರಿಮ್ಮಾ ತಂದಿದ್ಳು ನಿನ್ನೆ. ಗ್ಲೆಬ್‌ನ ಅಮ್ಮ. ಸುಮ್ನೆ ಕೂಗಾಡ್ಬೇಡ ಫೀಮಾ. ಪಾಪ, ಈ ಸ್ಟೂಲ್ ಮೇಲೆ ಕೂತು ಒಂದು ಗಂಟೆ ಅತ್ತಳು. ‘ನನ್ನ ಮಗನಲ್ಲಿ ಏನು ಕಮ್ಮಿ, ಅವರು ಏನನ್ನ ನೋಡ್ತಾರೆ, ಒಂದೇ ಒಂದು ಮಾತು ಹೇಳು’ ಅಂದ್ಳು. ನಾನು ಕಲ್ಲಾ?”

“ಹೇಳ್ಬಿಟ್ಟೆ!”

“ಅವಳೊಬ್ಬಳಿಗೇ ಹೇಳಿದ್ದು! ಆಣೆ ಹಾಕಿಸ್ಕೊಂಡು!”

“ಇಪ್ಪತ್ತೆರಡು ವರ್ಷದ ಗುಟ್ಟನ್ನ ಒಂದು ಬಾಟ್ಲಿ ಜಾಮಿಗೆ ಮಾರಿದ್ಯಲ್ಲೇ!”

“ಎರಡು ಬಾಟ್ಲಿ,” ಎಂದಳು ಜೋಯಾ. ಅವಳಿಗೆ ಸುಳ್ಳು ಹೇಳುವ ಅಭ್ಯಾಸವಿಲ್ಲ.

ಯೆಫಿಮ್ ಕೋಟು ಹೆಗಲಿಗೆಸೆದುಕೊಂಡು, ಮನೆಯ ಚಪ್ಪಲಿಯಲ್ಲೇ ಮೆಟ್ಟಿಲಿಳಿದ. ರಿಮ್ಮಾಳ ಮಗನಿಗೆ ಕಿವಿ ಹಿಂಡಿ ಬುದ್ಧಿ ಹೇಳಬೇಕು, ಸಂಜೆಗೆ ಸವೇಲಿಯ ಹೆಸರು ಬರೆದು ಕಳಿಸಬೇಕು, ಅಷ್ಟೇ. ಆದರೆ ಮೂರನೇ ಮಹಡಿಗೆ ಬರುವಷ್ಟರಲ್ಲಿ ಒಂದು ಲೆಕ್ಕ ತಲೆಯಲ್ಲಿ ಕೊರೆಯತೊಡಗಿತು. ಜೋಯಾ ಹೇಳಿದ್ದು ರಿಮ್ಮಾಗೆ. ರಿಮ್ಮಾ ಬಾಯಿಬಿಟ್ಟರೆ ಮಗನಿಗೆ ಬಿಟ್ಟಾಳೇ ಹೊರತು ಮಗನ ಎದುರಾಳಿಗಳಿಗೆ ಬಿಡುವ ಹೆಂಗಸಲ್ಲ. ಹಾಗಿದ್ದರೆ ಗ್ಲೆಬ್ ಒಬ್ಬನೇ ಬರಬೇಕಿತ್ತು. ಈ ಒಂಬತ್ತು ಜನ ಎಲ್ಲಿಂದ ಬಂದರು?

ಕೆಳಗೆ ಅವನನ್ನು ಕಂಡದ್ದೇ ಸಲಿಕೆಗಳು ಇನ್ನೂ ಜೋರಾದವು.

“ನಿಲ್ಸ್ರೋ ನಾಟಕ!” ಎಂದು ಯೆಫಿಮ್ ಗುಡುಗಿದ. “ಸವೇಲಿ, ನಿಂಗೆ ಯಾರು ಹೇಳಿದ್ದು?”

ಸವೇಲಿ ನೆಲ ನೋಡಿದ. “ಗ್ಲೆಬ್, ಫೀಮಾ ಮಾಮ. ನಿನ್ನೆ ಸಂಜೆ ಎಲ್ರಿಗೂ ಮೆಸೇಜ್ ಹಾಕಿದ್ದ. ‘ಫೀಮಾ ಮಾಮ ಸಲಿಕೆಗೆ ಅಂಕ ಕೊಡ್ತಾರಂತೆ, ಏಳೂವರೆಗೆ ಬಂದ್ಬಿಡಿ, ಸಲಿಕೆ ನೀವೇ ತನ್ನಿ’ ಅಂತ.”

ಯೆಫಿಮ್ ನಿಧಾನವಾಗಿ ಗ್ಲೆಬ್‌ನ ಕಡೆ ತಿರುಗಿದ. ಗ್ಲೆಬ್ ತಟ್ಟೆಯನ್ನು ಬೆನ್ನ ಹಿಂದೆ ಅಡಗಿಸಿದ.

“ಯಾಕೋ ಹೇಳ್ದೆ ಇವರಿಗೆ? ಜಾಗ ಇರೋದು ಒಂದೇ ಅಂತ ಗೊತ್ತಿಲ್ವಾ?”

“ಗೊತ್ತು ಮಾಮ. ಆದ್ರೆ ಅವರು ನಿದ್ದೆ ಮಾಡ್ತಿರೋವಾಗ ನಾನೊಬ್ನೇ ಬಂದು ಗೆಲ್ಲೋದು... ಅದೇನು ಗೆಲ್ಲೋದು? ಮತ್ತೆ ಪೆಟ್ಟಿಗೆ ಎಷ್ಟು ದೊಡ್ಡದು ನೋಡಿ, ಒಬ್ಬನೇ ಎತ್ತೋಕಾಗುತ್ತಾ?”

“ಅಷ್ಟು ಉದಾರಿ ನೀನು, ಐಸ್ ಮೇಲೆ ಮಾತ್ರ ಬಿಲ್ಲೆ ಯಾಕೋ ಯಾರಿಗೂ ಕೊಡಲ್ಲ?”

ಗ್ಲೆಬ್ ಸವೇಲಿಯನ್ನು ನೋಡಿದ, ದಾಮಿರ್‌ನನ್ನು ನೋಡಿದ. ದಾಮಿರ್‌ನೇ ಮುಂದೆ ಬಂದ.

“ಕೊಡೋಕೆ ನಾವಲ್ಲಿ ಇರಬೇಕಲ್ಲ ಮಾಮ. ನೀವು ಪಿರೋಗ್ ಅಂಗಡಿ ಪಕ್ಕ ಕೂತಿರ್ತೀರಾ. ನಿಮ್ಮ ಕಣ್ಣಿಗೆ ಬೀಳ್ಲಿ ಅಂತ ನಾವೆಲ್ಲ ಆ ಮೂಲೆಗೇ ಓಡ್ತೀವಿ. ಗೋಲ್ ಮುಂದೆ ಇವನೊಬ್ನೇ ಉಳೀತಾನೆ.”

ಯೆಫಿಮ್ ಜೇಬಿನಿಂದ ನೋಟ್‌ಬುಕ್ ತೆಗೆದು ಹಾಳೆ ತಿರುವಿದ. ನವೆಂಬರ್: ‘ಹುಡುಗರು ಎಡಕ್ಕೇ ಸರಿಯುತ್ತಾರೆ. ಕಾರಣ ತಿಳಿಯದು.’ ಡಿಸೆಂಬರ್: ‘ಮತ್ತೆ ಎಡಕ್ಕೆ. ಕೋಚ್‌ನ ತಂತ್ರವೇ?’ ಎಲ್ಲವೂ ಅವನದೇ ಅಕ್ಷರ. ನಾಚಿಕೆಯಿಂದ ಅವನ ಕಿವಿ ಬಿಸಿಯಾಯಿತು.

ಆದರೂ ಮಾತು ಕೇಳಿ ಅಂಕ ಕೊಡುವ ಮನುಷ್ಯನಲ್ಲ ಅವನು. “ನನ್ನ ಪರೀಕ್ಷೆ ಹಾಳು ಮಾಡಿದ್ರಿ. ಹೋಗಿ ಆಡ್ಕೊಳ್ಳಿ, ನಾನು ಮಲಗ್ತೀನಿ” ಎಂದು ಎಲ್ಲರಿಗೂ ಕೇಳುವಂತೆ ಗೊಣಗಿ ಬಾಗಿಲೊಳಗೆ ಹೋದ. ಅವನು ಫೋನಿನಲ್ಲಿ ಹೇಳಿದಂತೆ ಮೇಲೆ ಜೋಯಾ ಪರದೆ ಎಳೆದಳು. ಯೆಫಿಮ್ ಹಿಂದಿನ ಬಾಗಿಲಿನಿಂದ ನುಸುಳಿ, ಫರೀದಾಳ ಪೊರಕೆ ಗೂಡಿನೊಳಗೆ, ಹಿಮ ಕರಗಿಸಲು ಎರಚುವ ಉಪ್ಪಿನ ಚೀಲದ ಮೇಲೆ ಕೂತು, ಹಲಗೆಯ ಬಿರುಕಿಗೆ ಕಣ್ಣಿಟ್ಟ. ಚಪ್ಪಲಿಯೊಳಗೆ ಹಿಮ ಹೋಗಿ ಕಾಲು ಮರಗಟ್ಟಿತು. ಅವನಿಗೆ ಅರಿವೇ ಆಗಲಿಲ್ಲ. ನೋಡುವವರಿಲ್ಲ ಎಂದಾದ ಮೇಲೆ ಹುಡುಗರು ನಾಲ್ಕೂ ಕಡೆ ಹರಡಿಕೊಂಡರು. ಗ್ಲೆಬ್‌ನ ತಂಡ ಏಳು ಗೋಲು ಹೊಡೆಯಿತು. ಗ್ಲೆಬ್ ಹೊಡೆದದ್ದು ಎರಡೇ. ಉಳಿದ ಐದಕ್ಕೂ ಬಿಲ್ಲೆ ಅವನ ಕೋಲಿನಿಂದ ಹೋಗಿತ್ತು, ಅದೂ ತಿರುಗಿ ನೋಡದೆ ಕೊಟ್ಟದ್ದು. ಉಪ್ಪಿನ ಚೀಲದ ಮೇಲೆ ಕೂತ ಮುದುಕನ ಕಣ್ಣಲ್ಲಿ ನೀರು ಬಂತು. ಕಣ್ಣು ಸತ್ತಿರಲಿಲ್ಲ, ಕೂತ ಜಾಗ ತಪ್ಪಾಗಿತ್ತು.

ಭಾನುವಾರ ಮೂವರನ್ನೂ ಮನೆಗೆ ಕರೆದು, ಮಾಂಸ ತುಂಬಿದ ಪೆಲ್ಮೆನಿ ಕಡುಬು ಬಡಿಸಿ, ಹೆಸರನ್ನು ಮುಖದೆದುರಿಗೇ ಹೇಳಿದ. ಹಿಂದೆಂದೂ ಹಾಗೆ ಮಾಡಿದವನಲ್ಲ. ದಾಮಿರ್ ನಗುತ್ತಾ ಗ್ಲೆಬ್‌ನ ಬೆನ್ನಿಗೆ ಗುದ್ದಿದ. ಸವೇಲಿ ತಟ್ಟೆ ಅರ್ಧಕ್ಕೆ ಬಿಟ್ಟು ಎದ್ದ. ಬಾಗಿಲಲ್ಲಿ ಯೆಫಿಮ್ ಅವನ ತೋಳು ಹಿಡಿದ. “ನಿನ್ನನ್ನ ಆ ಮೂಲೆಗೆ ಎಳೆದೋನು ನಾನೇ ಕಣೋ. ಇನ್ಮೇಲೆ ಪ್ರತಿ ಪಂದ್ಯಕ್ಕೂ ಬೇರೆ ಬೇರೆ ಕಡೆ ಕೂರ್ತೀನಿ. ನೀನು ಗೋಲ್ ಮುಂದೆ ನಿಂತ್ಕೋ. ಕ್ಲಬ್ಬು ಅದೊಂದೇ ಇಲ್ಲ ಭೂಮಿ ಮೇಲೆ.” ಸವೇಲಿ ತಲೆಯಾಡಿಸಿ ಹೋದ. ಯೆಫಿಮ್‌ಗೆ ಆ ರಾತ್ರಿ ನಿದ್ದೆ ಹತ್ತಲಿಲ್ಲ.

ಸೋಮವಾರ ವರದಿ ಹೋಯಿತು, ಬುಧವಾರ ವಾರೆನ್ ಫೋನು ಮಾಡಿದ. “ಗ್ಲೆಬ್ ಅಂದ್ರೆ ಗ್ಲೆಬ್, ಕಾಗದ ಕಳಿಸ್ತಿದ್ದೀವಿ. ಆದ್ರೆ ಇಪ್ಪತ್ತೆರಡು ವರ್ಷದಿಂದ ಕೇಳ್ಬೇಕು ಅಂತಿದ್ದೆ. ಈ ಸಲಿಕೆ ಅಂದ್ರೆ ಏನು? ಈ ಹುಡುಗನಿಗೆ ಅದರಲ್ಲಿ ಎರಡೇ ಅಂಕ ಇದೆಯಲ್ಲ?”

“ತಟ್ಟೆಯಲ್ಲಿ ಕೆರೆದ, ಅದಕ್ಕೆ ಎರಡು,” ಎಂದ ಯೆಫಿಮ್. “ಆದ್ರೂ ಇವನೇ.”

ವಾರೆನ್ ಅದನ್ನು ಬರೆದುಕೊಂಡ.

ರಜೆ ಮುಗಿದು ಹುಡುಗರೆಲ್ಲ ತಮ್ಮ ತಮ್ಮ ಕ್ಲಬ್ಬಿಗೆ ಹೋದರು. ಅವರು ಹೋಗಿ ಒಂದು ವಾರಕ್ಕೆ ಮತ್ತೆ ಮೊಣಕಾಲುದ್ದ ಹಿಮ ಬಿತ್ತು. ಬೆಳಿಗ್ಗೆ ಯೆಫಿಮ್ ಅಭ್ಯಾಸಬಲದಿಂದ ದುರ್ಬೀನು ಹಿಡಿದು ಕಿಟಕಿಗೆ ಬಂದ. ಪೆಟ್ಟಿಗೆಯ ಹತ್ತಿರ ಒಂದು ನರಪಿಳ್ಳೆಯೂ ಇಲ್ಲ.

“ಎಷ್ಟು ವರ್ಷದಿಂದ ನೋಡ್ತಿದ್ದೀಯ ಇಲ್ಲಿಂದ?” ಎಂದಳು ಹಿಂದಿನಿಂದ ಜೋಯಾ. “ನೀನು ಒಂದು ಸಲಾನಾದ್ರೂ ಸಲಿಕೆ ಮುಟ್ಟಿದ್ದೀಯಾ?”

ಯೆಫಿಮ್ ದುರ್ಬೀನನ್ನು ಅವಳ ಕೈಗಿಟ್ಟ, ಬೂಟು ಹಾಕಿಕೊಂಡ, ಕೆಳಗಿಳಿದು ಫರೀದಾಳಿಂದ ಅಗಲ ಸಲಿಕೆ ಇಸಿದುಕೊಂಡ. ಮಂಡಿ ನೋಯುತ್ತಿತ್ತು. ಒಂದು ಸಾಲು ಎತ್ತಿದ, ಎರಡು ಎತ್ತಿದ, ಅರ್ಧ ಪೆಟ್ಟಿಗೆ ಮುಗಿಸಿದ. ಬೆವರು ಒರೆಸಿಕೊಂಡು, ತನಗೇ ತಿಳಿಯದಂತೆ ಕತ್ತೆತ್ತಿದ.

ಐದನೇ ಮಹಡಿಯ ಕಿಟಕಿ ಧಡಾರನೆ ತೆರೆಯಿತು.

“ಎರಡು!” ಎಂದು ಜೋಯಾ ಇಡೀ ಅಂಗಳಕ್ಕೆ ಕೇಳುವಂತೆ ಕೂಗಿದಳು.

“ಯಾಕೇ? ಅರ್ಧ ಮುಗಿಸಿದ್ದೀನಲ್ಲೇ!”

“ನಾಲ್ಕು ಬರೆದಿದ್ದೆ ಫೀಮಾ! ನೀನು ಮೇಲೆ ನೋಡಿಬಿಟ್ಟೆ!”