ಪುಂಡಿ ನಾರು ಸಿಮೆಂಟನ್ನು ಹಿಡಿದ ಬಗೆ

ತಡೀರಿ, ಪುಟ ತಿರುವಬೇಡಿ. ಒಂದು ನೀರಿನ ದೋಣಿಯ ವಿಷಯ ಹೇಳುವುದಿದೆ.

ನಮ್ಮ ಸುರಪುರ ಸೀಮೆ ಆಗಷ್ಟೇ ಮೈಸೂರು ರಾಜ್ಯಕ್ಕೆ ಸೇರಿತ್ತು. ಸಿಮೆಂಟಿಗೆ ಪರ್ಮಿಟ್ಟು ಬೇಕು. ಅರ್ಜಿ ಉರ್ದುವಿನಲ್ಲೋ ಕನ್ನಡದಲ್ಲೋ ತಿಳಿಯದೆ ಎರಡರಲ್ಲೂ ಬರೆದುಕೊಟ್ಟು ಒಂದು ಚೀಲ ತಂದಿದ್ದೆ. ಕುರಿಗಳು ನೀರು ಕುಡಿಯುವ ಕಲ್ಲಿನ ದೋಣಿ ಒಡೆದಿತ್ತು. ಮಂದೆ ಹೊಡೆದುಕೊಂಡು ಹೋಗಿದ್ದ ಅಪ್ಪ ಅಮಾವಾಸ್ಯೆಗೆ ತಿರುಗಿ ಬರುವವನು. ನಾನು ಬೆಳಗಾದರೆ ರಸ್ತೆ ಕೆಲಸಕ್ಕೆ ಹೋಗುತ್ತಿದ್ದೆ. ಮಂದೆ ಬಂದಾಗ ದೋಣಿಯಿದ್ದರೆ ತುಂಬಿಸಿಟ್ಟು ಹೋಗಬಹುದು. ಇಲ್ಲವಾದರೆ ಭುಜ ಬಾತ ಅವ್ವನೇ ದಿನವಿಡೀ ಬಾವಿ ಸೇದಬೇಕು.

ಸಿಮೆಂಟಿನೊಳಗೆ ಬಿಗಿಗೆ ಹಾಕಲು ಕಬ್ಬಿಣದ ಸರಳು ಸಿಗಲಿಲ್ಲ. ಹೊಲದ ಪುಂಡಿ ಗಿಡದ ಹಸಿ ತೊಗಟೆ ಸುಲಿದು ಅರ್ಧ ಚೀಲ ಸಿಮೆಂಟಿಗೆ ಕಲಸಿದೆ. ಮೂರನೇ ದಿನವೂ ಒತ್ತಿದರೆ ಬೆರಳು ಇಳಿಯುತ್ತಿತ್ತು.

"ದೋಣಿ ಕಟ್ಟಾಕತ್ತೀಯೋ, ರೊಟ್ಟಿ ಹಿಟ್ಟು ನಾದಾಕತ್ತೀಯೋ?" ಅವ್ವ ನಕ್ಕಳು.

"ನಗಬ್ಯಾಡ ಯವ್ವಾ. ಇನ್ನೂ ಅರ್ಧ ಚೀಲ ಅದ."

ಸಿಟ್ಟಿನಲ್ಲಿ ಆ ತೊಗಟೆಯನ್ನೇ ಅಗಿದೆ. ಹುಳಿಯ ಹಿಂದೆ ಸಣ್ಣ ಸಿಹಿ! ಗಾರೆ ಕೆಲಸದ ಶಹಾಪುರದ ಗೌಂಡಿಯೊಬ್ಬ, ಕಲಸಿದ ಸಿಮೆಂಟಿನ ಹತ್ತಿರ ಬೆಲ್ಲ ತಿನ್ನುತ್ತಿದ್ದವನನ್ನು ಎಬ್ಬಿಸಿ ಓಡಿಸಿದ್ದು ನೆನಪಾಯಿತು. ಸಿಹಿ ಬಿದ್ದರೆ ಸಿಮೆಂಟು ಗಟ್ಟಿಯಾಗುವುದಿಲ್ಲ.

ಮಂದೆಯ ಸುತ್ತ ಕಟ್ಟುವ ಬಲೆಗೆ ಹಗ್ಗ ಹೊಸೆಯುವ ನೆರೆಮನೆಯ ಕಾಕಿಯ ಬಳಿ ಓಡಿದೆ.

"ಲೋಳಿ ಹೋಗೋತನಕ ನೀರಾಗ ಕೊಳಿಬೇಕೋ ಹುಚ್ಚಪ್ಪಾ. ಹಸೀದು ಹಗ್ಗಕ್ಕೇ ಆಗಂಗಿಲ್ಲ!" ಎಂದು ಬೈದು, ಕೊಳೆಸಿ ಒಣಗಿಸಿದ ನಾರಿನ ಕಟ್ಟು ಕೊಟ್ಟಳು.

ಅದನ್ನು ಕುದಿಸಿ, ನೀರು ತಿಳಿಯಾಗುವವರೆಗೆ ತೊಳೆದೆ. ಮೊದಲು ಸಣ್ಣ ಬಿಲ್ಲೆ ಮಾಡಿ, ನಾರಿನ ತುದಿ ಹೊರಗೆ ಬಿಟ್ಟು, ಗಟ್ಟಿಯಾದ ಮೇಲೆ ಜಗ್ಗಿದೆ. ಮೊದಲ ಸಲದ ಹಸಿ ತೊಗಟೆ ಜಗ್ಗಿದಾಗ ನುಣ್ಣಗೆ ಜಾರಿ ಬಂದಿತ್ತು. ಇದರ ಎಳೆಗಳ ಸಂದಿಗೆಲ್ಲ ಸಿಮೆಂಟು ಹೊಕ್ಕಿತ್ತು. ನಾರು ಹರಿಯಿತೇ ಹೊರತು ಹಿಡಿತ ಬಿಡಲಿಲ್ಲ. ಅಂಗುಲದುದ್ದ ಕತ್ತರಿಸಿ, ಉಳಿದ ಸಿಮೆಂಟಿಗೆ ಬಿಡಿಬಿಡಿಯಾಗಿ ಉದುರಿಸಿ ದೋಣಿ ಕಟ್ಟಿದೆ. ವಾರವಿಡೀ ಒದ್ದೆ ಗೋಣಿ ಹೊದಿಸಿದೆ.

ಅಮಾವಾಸ್ಯೆಗೆ ಮಂದೆ ಬಂತು. ಟಗರೊಂದು ನುಗ್ಗಿ ದೋಣಿಗೆ ಹಾಯ್ದೇಬಿಟ್ಟಿತು. ಅಂಚಿನಿಂದ ಬುಡದವರೆಗೆ ಬಿರುಕು. ಅಪ್ಪ ಬಗ್ಗಿ ಉಗುರು ಹಾಕಿ ಜಗ್ಗಿದ.

"ಒಡದದ, ಆದ್ರ ಬಿಚ್ಚವಲ್ದಲ್ಲೋ!"

ನಾರು ಎರಡೂ ಕಡೆ ಹಿಡಿದಿತ್ತು. ತೇವ ಜಿನುಗಿತು, ನೀರು ಹರಿಯಲಿಲ್ಲ. ಅವ್ವ ಬಾವಿಯ ಹಗ್ಗವನ್ನು ನನ್ನ ಕೈಗಿಟ್ಟಳು. "ದೋಣಿ ನಿಂದು, ಸೇದೋದೂ ನಿಂದು."

ಬಿರುಕಿನಲ್ಲಿ ಕಾಣುವ ನಾರು ಈಗ ಕಂದು ಬಣ್ಣಕ್ಕೆ ತಿರುಗಿದೆ, ಮುಟ್ಟಿದರೆ ಮುರಿಯುತ್ತದೆ. ಸಿಮೆಂಟಿನೊಳಗಿನ ಸುಣ್ಣವೇ ತಿನ್ನುತ್ತಿದೆಯೆಂದು ನನ್ನ ಅನುಮಾನ. ಈ ಸಲ ಸುಣ್ಣದ ಖಾರ ತಗ್ಗಿಸಲು ಇಟ್ಟಿಗೆ ಪುಡಿ ಬೆರೆಸಿ ಕಟ್ಟುತ್ತೇನೆ, ಬಿಡುವುದಿಲ್ಲ. ನೀವೂ ನಾರು ಹಾಕಿ ಏನಾದರೂ ಕಟ್ಟಿದ್ದರೆ, ಅದು ಎಷ್ಟು ಮಳೆಗಾಲ ತಾಳಿತು, ಎಲ್ಲಿ ಕೈಕೊಟ್ಟಿತು, ಒಂದು ಕಾರ್ಡು ಬರೆದು ಹೇಳಿ.