ಅಮ್ಮ ಹೇಳಿದ್ದು, ಮೇಷ್ಟ್ರು ಬರೆದುಕೊಂಡಿದ್ದು

ಮೊಮ್ಮಗಳು ಹೊಸದೊಂದು ಇಂಗ್ಲಿಷ್-ಕನ್ನಡ ನಿಘಂಟು ತಂದಿದ್ದಾಳೆ. ರಟ್ಟಿನ ಅಂಟಿನ ವಾಸನೆ ಇನ್ನೂ ಹೋಗಿಲ್ಲ. ನಿನ್ನೆ ಅವಳು ಇಲ್ಲದಾಗ ಕನ್ನಡಕ ಏರಿಸಿಕೊಂಡು ಅದರಲ್ಲಿ ‘ಪ್ಲೆಷರ್’ ಎಂಬ ಶಬ್ದವನ್ನು ಹುಡುಕಿದೆ. ‘ಸಂತೋಷ, ಸುಖ, ಆನಂದ’ ಎಂದು ಒಂದೇ ಸಾಲು. ಬಳಕೆಗೆ ಒಂದು ವಾಕ್ಯ: ಹಿರಿಯರ ಸೇವೆ ನನಗೆ ಸಂತೋಷ ಕೊಡುತ್ತದೆ. ಪುಸ್ತಕವನ್ನು ಮುಚ್ಚಿ ಅತ್ತ ತಳ್ಳಿದೆ.

ಈ ಒಂದು ಶಬ್ದಕ್ಕೇ ಮೀಸಲಾಗಿದ್ದ ಒಂದು ನೋಟುಪುಸ್ತಕವನ್ನು ನಾನು ಕಂಡಿದ್ದೇನೆ. ಬರೆದವರು ಚಳ್ಳಕೆರೆಯ ಶಾಲೆಯಲ್ಲಿ ನಮಗೆ ಇಂಗ್ಲಿಷ್ ಕಲಿಸಿದ ಮೇಷ್ಟ್ರು. ಅದರಲ್ಲಿ ನಮ್ಮ ಅಮ್ಮ ಆಡಿದ ಒಂದು ಮಾತೂ ಇತ್ತು. ಆ ಮಾತು ಏನೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಅದಕ್ಕೆ ಕಾರಣನಾದವನ ಮೇಲಿನ ಸಿಟ್ಟು ಐವತ್ತು ವರ್ಷವಾದರೂ ಇಳಿದಿಲ್ಲ, ಇಳಿಯುವುದೂ ಬೇಡ.

ಪ್ಲೇಗಿಗೆ ಹೆದರಿ ಊರೆಲ್ಲ ಹೊಲದ ಗುಡಿಸಲುಗಳಿಗೆ ಹೋಗಿ ಮರಳಿ ಬಂದ ಮರುವರ್ಷ ಅದು. ನಮ್ಮದು ಮೊಳಕಾಲ್ಮೂರಿನ ನೇಕಾರರ ಮನೆ. ಚಳ್ಳಕೆರೆಯಲ್ಲಿ ಸೀರೆ ಮಾರುತ್ತಿದ್ದ ಸೋದರಮಾವನ ಮನೆಯಲ್ಲಿದ್ದುಕೊಂಡು ನಾನು ಓದುತ್ತಿದ್ದೆ. ಮೇಷ್ಟ್ರು ಸಣಕಲು ಆಳು, ಒಂಟಿ. ಕೋಟಿನ ತೋಳು ಮಾಸಿ ಮಿರುಗುತ್ತಿತ್ತು. ಒಂದು ದಿನ ‘ಪ್ಲೆಷರ್’ ಬಳಸಿ ಒಂದೊಂದು ವಾಕ್ಯ ಬರೆಯಿರಿ ಎಂದರು. ತರಗತಿಗೆ ತರಗತಿಯೇ ಹಿರಿಯರ ಸೇವೆಯಿಂದ ತನಗೆ ಸಂತೋಷ ಎಂದು ಬರೆಯಿತು. ದಿನಾ ಮಾವನ ಕಾಲೊತ್ತುತ್ತ ಮನಸ್ಸಿನಲ್ಲೇ ಶಾಪ ಹಾಕುತ್ತಿದ್ದ ನಾನೂ ಅದನ್ನೇ ಬರೆದಿದ್ದೆ.

ಮೇಷ್ಟ್ರು ಸ್ಲೇಟುಗಳನ್ನೆಲ್ಲ ನೋಡಿ ಕುರ್ಚಿಯಲ್ಲಿ ಕೂತರು. "ಇದರಲ್ಲಿ ಒಂದಾದರೂ ನಿಜವೇನ್ರೋ?" ಎಂದು ಕೇಳಿದರು. ಒಬ್ಬೊಬ್ಬರೇ ಸ್ಲೇಟು ಒರೆಸತೊಡಗಿದೆವು. "ಅರ್ಥ ಬಾಯಿಪಾಠ ಮಾಡಿದರೆ ಆಗಲಿಲ್ಲ. ಯಾರು, ಯಾವ ಹೊತ್ತಿನಲ್ಲಿ ಆ ಮಾತು ಆಡ್ತಾರೆ ಅನ್ನೋದು ಗೊತ್ತಾಗಬೇಕು" ಎಂದರು. ಆ ಸಂಜೆಯಿಂದಲೇ ಅವರು ನೋಟುಪುಸ್ತಕ ಹಿಡಿದು ಊರಿಗಿಳಿದರು. ಸಿಕ್ಕವರನ್ನೆಲ್ಲ ಒಂದೇ ಪ್ರಶ್ನೆ ಕೇಳುವುದು: ನಿಮಗೆ ಯಾವಾಗ ಸಂತೋಷವಾಗುತ್ತದೆ? ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಂಡು, ಎದುರಿನ ಪುಟದಲ್ಲಿ ಇಂಗ್ಲಿಷಿಗೆ ತರುವುದು. ಮೇಷ್ಟ್ರಿಗೆ ತಲೆ ಕೆಟ್ಟಿದೆ ಎಂದು ಊರು ಆಡಿಕೊಂಡಿತು. ಆದರೂ ಕೇಳಿದವರೆಲ್ಲ ಹೇಳಿದರು.

ಗಾಣದವನು ಹೇಳಿದ್ದು: "ಎತ್ತು ಬಿಚ್ಚಿದ್ ಮೇಲೆ ಗಾಣದ ಕಿರ್ರನ್ನೋದು ನಿಲ್ತೈತಲ್ಲ, ಆವಾಗ ನೆಲಕ್ಕೆ ಬೆನ್ನು ಹಾಕಿದ್ರೆ, ಅದು." ಊರಾಚೆಯ ಹುಲ್ಲುಗಾವಲು ವರವು ಕಾವಲಿನಲ್ಲಿ ಸರ್ಕಾರದ ಅಮೃತಮಹಲ್ ದನ ಕಾಯುವ ಮುದುಕ ಹೇಳಿದ್ದು: "ಮಳೆಯಾಗಿ ಹೊಸಾ ಹುಲ್ಲು ಬಂದಾಗ ದನ ಮೇಯೋ ಸಪ್ಪಳ ಕೇಳ್ತೈತೆ ಸ್ವಾಮಿ. ನಾನೇ ಉಂಡಂಗಾಗ್ತೈತೆ." ಹೂ ಮಾರುವವಳು ನಕ್ಕು, "ನಮ್ಮತ್ತೆ ತಂಗೀ ಮನಿಗೆ ಹೋದ ದಿನ" ಎಂದಳಂತೆ. ಇವನ್ನೆಲ್ಲ ಮೇಷ್ಟ್ರು ತರಗತಿಯಲ್ಲಿ ಓದಿ ಹೇಳುತ್ತಿದ್ದರು. ಇಂಗ್ಲಿಷ್ ಎಂದರೆ ಬೆವರುತ್ತಿದ್ದ ನಾವು ಆ ತಿಂಗಳು ಗಂಟೆ ಹೊಡೆಯುವುದನ್ನೇ ಕಾಯುತ್ತಿದ್ದೆವು.

ಮೂರು ದಿನದ ರಜೆಯಲ್ಲಿ ನಾನು ಊರಿಗೆ ಹೊರಟಾಗ ಅವರೂ ಗಾಡಿ ಹತ್ತಿದರು. ಮೊಳಕಾಲ್ಮೂರಿನಲ್ಲಿ ಅಪ್ಪ ಮಗ್ಗದ ಗುಂಡಿಯಲ್ಲಿ ಕೂತಿದ್ದರು, ಅಮ್ಮ ರಾಟೆಯ ಮುಂದೆ ರೇಷ್ಮೆ ಸುತ್ತುತ್ತಿದ್ದಳು. ಮೇಷ್ಟ್ರು ಅಮ್ಮನನ್ನು ಕೇಳಿದರೆ ಅಪ್ಪ ಲಾಳಿ ನಿಲ್ಲಿಸಿ, "ಆಕೀನ್ಯಾಕೆ ಕೇಳ್ತೀರಿ ಸ್ವಾಮಿ, ನಾ ಹೇಳ್ತೀನಿ ಬರ್ಕಳ್ರಿ. ಸೀರೆ ಮಗ್ಗದಿಂದ ಇಳಿದ ದಿನ" ಎಂದರು. ಮೇಷ್ಟ್ರು ಅದನ್ನೂ ಬರೆದುಕೊಂಡು ಮತ್ತೆ ಅಮ್ಮನ ಕಡೆ ತಿರುಗಿದರು.

"ಬಿಡ್ರಿ ಸ್ವಾಮಿ, ನಂಗ್ಯಾತರದು" ಎಂದು ಅಮ್ಮ ತಲೆ ತಗ್ಗಿಸಿದಳು. ಅವಳನ್ನು ಅಂಥದ್ದೊಂದು ಪ್ರಶ್ನೆ ಯಾರೂ ಕೇಳಿರಲಿಲ್ಲ. ಅಪ್ಪ ಕೇಳಿರಲಿಲ್ಲ, ಅಜ್ಜಿ ಕೇಳಿರಲಿಲ್ಲ, ನಾನಂತೂ ಕೇಳುವ ಮಾತೇ ಇಲ್ಲ.

ಮೂರನೆಯ ದಿನ ವಾಪಸು ಹೊರಡಲು ಗಾಡಿ ಕಟ್ಟಿತ್ತು. ಅಪ್ಪ ನೂಲು ತರಲು ಬಣ್ಣದ ಮನೆಗೆ ಹೋಗಿದ್ದರು. ಅಮ್ಮ ಬಾಗಿಲಿಗೆ ಬಂದು ಮೇಷ್ಟ್ರನ್ನು ಒಳಗೆ ಕರೆದಳು. ನನಗೆ ಬಿಂದಿಗೆ ಕೊಟ್ಟು, "ಪೋ ನಾಯನಾ, ನೀಳ್ಳು ತೀಸ್ಕುರಾ" ಎಂದು ನೀರಿಗೆ ಕಳಿಸಿದಳು. ದಿನದ ಮಾತಿಗೆ ಕನ್ನಡ, ಮುದ್ದಿಗೆಲ್ಲ ತೆಲುಗು, ಅದು ಅವಳ ಪದ್ಧತಿ. ನಾನು ನೀರು ತರುವಷ್ಟರಲ್ಲಿ ಮೇಷ್ಟ್ರು ಬರೆದು ಮುಗಿಸಿ ಎದ್ದು ನಿಂತಿದ್ದರು. ಅಮ್ಮನಿಗೆ ಕೈ ಮುಗಿದರು. ಅಮ್ಮ ಗಾಬರಿಯಾಗಿ ಗೋಡೆಗೆ ಸರಿದಳು. ಆದರೆ ಅವಳ ಮುಖ ಅವತ್ತು... ಹೇಗೆ ಹೇಳಲಿ, ನನ್ನ ಅಮ್ಮನ ಮುಖದಂತಿರಲಿಲ್ಲ.

ದಾರಿಯಲ್ಲಿ ಕೇಳಿದೆ, "ಅಮ್ಮ ಏನಂದ್ಲು ಮೇಷ್ಟ್ರೇ?"

"ನೀನೇ ಕೇಳು. ಮಗ ಕೇಳಿದರೆ ಹೇಳ್ತಾರೆ. ಅಲ್ಲೀವರೆಗೆ ತರಗತಿಯಲ್ಲೂ ಓದಲ್ಲ" ಎಂದರು.

ಮುಂದಿನ ರಜೆಗೆ ಹೋದಾಗ ಕೇಳಿದರಾಯಿತು ಅಂದುಕೊಂಡೆ. ಅಮ್ಮ ಎಲ್ಲಿಗೆ ಹೋಗುತ್ತಾಳೆ.

ಅಷ್ಟರಲ್ಲಿ ಶಾಲೆ ತನಿಖೆಗೆ ಇನ್ಸ್‌ಪೆಕ್ಟರ್ ಬಂದ. ಅವನಿಗೆ ಬಹುವಚನ ಕೊಡಲು ಇಂದಿಗೂ ನನಗೆ ಮನಸ್ಸು ಬಾರದು. ಜರಿ ಪೇಟ, ಬೆಳ್ಳಿ ಕಟ್ಟಿನ ಕೋಲು. ಅವನು ‘ಪ್ಲೆಷರ್’ ಎಂದರೇನು ಎಂದು ಕೇಳಿದಾಗ ಮುಂದಿನ ಬೆಂಚಿನವನೊಬ್ಬ ಎದ್ದು ನಿಂತು ಗಾಣದವನ ಮಾತನ್ನು ಇಂಗ್ಲಿಷಿನಲ್ಲಿ ತಪ್ಪಿಲ್ಲದೆ ಹೇಳಿದ. ಇದು ಯಾವ ಪುಸ್ತಕದ್ದು ಎಂದ ಇನ್ಸ್‌ಪೆಕ್ಟರ್. ಮೇಷ್ಟ್ರು, ಪಾಪ, ಮೆಚ್ಚುತ್ತಾನೆಂದು ತಿಳಿದು ನೋಟುಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟರು.

ಅವನು ಓದತೊಡಗಿದ. ರಾಗವಾಗಿ, ಗೊಲ್ಲರ ಮುದುಕನ ದನಿ ಅಣಕಿಸುತ್ತ. ಹುಡುಗರು ಕಿಸಕ್ಕೆಂದರು. ಅದೇ ಮಾತನ್ನು ಮೇಷ್ಟ್ರು ಓದಿದಾಗ ಇದೇ ನಾವು ಉಸಿರು ಬಿಡದೆ ಕೇಳಿದ್ದೆವು. ಹೂವಿನವಳ ಅತ್ತೆಯ ಮಾತು ಬಂದಾಗ ತರಗತಿ ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ, ಎಲ್ಲರಿಗಿಂತ ಜೋರಾಗಿ. ಆ ಗದ್ದಲದಲ್ಲೇ ಅವನು ಪುಟ ತಿರುಗಿಸಿ, "ಮೊಳಕಾಲ್ಮೂರು, ಮಗ್ಗದ ಮನೆಯ ಹೆಣ್ಣುಮಗಳು" ಎಂದ. ಮುಂದೆ ಅವನ ತುಟಿ ಆಡಿದ್ದು ಕಂಡಿತು, ಮಾತು ಕೇಳಲಿಲ್ಲ. ಸುತ್ತ ನಗು, ನನ್ನ ಬಾಯಲ್ಲೂ ನಗು. ಮೇಷ್ಟ್ರು ನನ್ನನ್ನೇ ನೋಡುತ್ತಿದ್ದರು.

"ಕೂಲಿಯವರ ಹರಟೆಯನ್ನ ಪಾಠ ಅಂತೀರೇನ್ರಿ?" ಎಂದು ಇನ್ಸ್‌ಪೆಕ್ಟರ್ ಪುಸ್ತಕವನ್ನು ಜವಾನನ ಕೈಗೆ ಎಸೆದ. ಅವನು ಇಳಿದುಕೊಂಡಿದ್ದ ಬಂಗಲೆಯಲ್ಲಿ ಸ್ನಾನದ ನೀರಿಗೆ ಅದನ್ನೇ ಉರಿ ಹಚ್ಚಿದರೆಂದು ಜವಾನನೇ ಆಮೇಲೆ ಹೇಳಿದ. ಒಂದು ತಾಲ್ಲೂಕಿನ ಜನರ ಸಂತೋಷದಲ್ಲಿ ಆ ಮನುಷ್ಯ ಬೆನ್ನು ಕಾಯಿಸಿಕೊಂಡ. ಹದಿನೈದು ದಿನದೊಳಗೆ ಮೇಷ್ಟ್ರಿಗೆ ಎಲ್ಲಿಗೋ ವರ್ಗವಾಯಿತು. ಹೊರಡುವಾಗ ಅವರು ನನ್ನೊಡನೆ ಮಾತಾಡಲಿಲ್ಲ. ನಾನೂ ಎದುರಿಗೆ ಹೋಗಲಿಲ್ಲ. ಆಮೇಲೆ ಅವರು ಎಲ್ಲಿದ್ದರೋ, ಎಂದು ಹೋದರೋ...

ರಜೆಗೆ ಹೋದಾಗ ನಾನು ಕೇಳುವ ಮೊದಲೇ ಅಮ್ಮ ಕೇಳಿದಳು, ರಾಟೆ ನಿಲ್ಲಿಸದೆಯೇ. "ನಾ ಹೇಳಿದ್ದನ್ನ ಇಸ್ಕೂಲಾಗೆ ಓದಿದ್ರೇನೋ ಮೇಷ್ಟ್ರು?"

"ಓದಿದ್ರು" ಎಂದೆ.

"ಹುಡುಗ್ರು ನಕ್ಕರಾ?"

"ಇಲ್ಲಮ್ಮ. ಎಲ್ಲಾ ಸುಮ್ನೆ ಕೇಳಿದ್ರು. ನಾನೂ ಕೇಳ್ದೆ."

ಅಮ್ಮ ನನ್ನ ತಲೆಯ ಮೇಲೊಮ್ಮೆ ಕೈಯಾಡಿಸಿ ನೂಲಿಗೆ ಕೈ ಹಾಕಿದಳು. ಕೇಳಿದೆ ಎಂದು ಒಮ್ಮೆ ಹೇಳಿದ ಮೇಲೆ, ಏನು ಹೇಳಿದ್ದೆ ಅಮ್ಮ ಎಂದು ಯಾವ ಬಾಯಲ್ಲಿ ಕೇಳುವುದು? ಅವಳು ಇನ್ನೂ ಹತ್ತೊಂಬತ್ತು ವರ್ಷ ಬದುಕಿದಳು. ಆಗೀಗ ಏನೋ ನೆನಪಾದಂತೆ ನನ್ನನ್ನು ನೋಡಿ ನಗುತ್ತಿದ್ದಳು, ನಮ್ಮಿಬ್ಬರಿಗೆ ಮಾತ್ರ ಗೊತ್ತಿರುವುದು ಏನೋ ಇದೆ ಎನ್ನುವ ಹಾಗೆ. ನಾನೂ ತಿರುಗಿ ನಗುತ್ತಿದ್ದೆ.

ಈಗ ಅಮ್ಮನಿಲ್ಲ, ಮೇಷ್ಟ್ರೂ ಇರಲಾರರು. ಆ ಇನ್ಸ್‌ಪೆಕ್ಟರನನ್ನು ಬಯ್ಯದೆ ನಾನು ಕಳೆದ ದಿನಗಳು ಕಡಿಮೆ. ಇವತ್ತೂ ಬೆಳಿಗ್ಗೆಯಿಂದ ಬಯ್ಯುತ್ತಲೇ ಇದ್ದೇನೆ. ಆದರೆ ಆ ನೀಚನಾದರೂ ನನ್ನ ಅಮ್ಮನ ಮಾತನ್ನು ಒಮ್ಮೆ ಪೂರ್ತಿ ಓದಿದ್ದ.