ಮಾವನ ಕುಡಗೋಲು, ನನ್ನ ಫಾರ್ಮುಲಾ

ಕಳೆದ ಭಾನುವಾರ ಒಂದು ಕುಡಗೋಲು ನನ್ನನ್ನು ಫೇಲ್ ಮಾಡಿತು. ಅದೂ ಕೆಮಿಸ್ಟ್ರಿಯಲ್ಲಿ.

ಹನ್ನೊಂದು ವರ್ಷದಿಂದ ಅಥಣಿಯ ಹೈಸ್ಕೂಲೊಂದರಲ್ಲಿ ಕೆಮಿಸ್ಟ್ರಿ ಕಲಿಸುತ್ತಿರುವವನು ನಾನು (ಇದನ್ನು ಆಗಾಗ ಹೇಳಿಕೊಳ್ಳುವ ಚಟವೂ ನನಗಿದೆ). ಕಾಗವಾಡದ ನನ್ನ ಮಾವ ನಾಲ್ಕನೇ ಇಯತ್ತೆಗೇ ಶಾಲೆ ಬಿಟ್ಟವರು. ಎರಡೆಕರೆ ದ್ರಾಕ್ಷಿ ಅವರದು. ಭಾನುವಾರ ನಾನು ಹೋದಾಗ ಮೂರು ದಿನದಿಂದ ಮೋಡ ಕವಿದಿತ್ತು, ಬಳ್ಳಿ ಹೂವಿಗೆ ಬಂದಿತ್ತು. ಈಗ ಎಲೆಯಡಿ ಬೂಷ್ಟು ಹತ್ತಿತೋ, ವರ್ಷದ ಬೆಳೆ ಹೋದಂತೆ. ಅವತ್ತೇ ಔಷಧ ಹೊಡೆಯಬೇಕಿತ್ತು.

ಔಷಧವೆಂದರೆ ಮೋರಚೂದ ಮತ್ತು ಸುಣ್ಣ, ಬ್ಯಾರೆಲ್ಲಿನ ನೀರಲ್ಲಿ ಕದಡಿದ್ದು. ಮೋರಚೂದ ಅಂದರೆ ನೀಲಿ ಹರಳಿನ ಮೈಲುತುತ್ತ.

"ಮಾವಾರ, ಅದಕ್ಕ ಕಾಪರ್ ಸಲ್ಫೇಟ್ ಅನಬೇಕ್ರಿ," ಅಂದೆ. ಹೆಸರಲ್ಲೇ ಜಾತಕವಿದೆ ಎಂದು ಪಾಠವನ್ನೂ ಶುರು ಮಾಡಿದೆ. ಕಾಪರ್ ಅಂದರೆ ತಾಮ್ರ, ಸಲ್ಫರ್ ಅಂದರೆ ಗಂಧಕ, ಕೊನೆಗೆ 'ಏಟ್' ಬಂದರೆ ಒಳಗೆ ಆಕ್ಸಿಜನ್ನೂ ಉಂಟು. ಸುಣ್ಣ ಕ್ಯಾಲ್ಸಿಯಂ ಆಕ್ಸೈಡ್, ಅದರಲ್ಲಿ ಎರಡೇ ಧಾತು. ಮೋರಚೂದ ಅಂದರೆ ಯಾರಿಗೆ ಏನು ತಿಳಿದೀತು?

"ಹೊಡದ್ರ ರೋಗ ಹೋಗತೈತಿ, ನಮಗ ಅಷ್ಟ ಗೊತ್ತ ನೋಡ್ರಿ ಮಾಸ್ತರ," ಅಂದರು ಮಾವ.

ಅಲ್ಲಿಗೇ ಬಾಯಿ ಮುಚ್ಚಿಕೊಂಡಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ಒಂದು ಕಿಲೋ ಮೋರಚೂದಕ್ಕೆ ಒಂದು ಕಿಲೋ ಸುಣ್ಣ ಮಾವನ ಲೆಕ್ಕ. ನಾನು ಪೇಪರಿನ ಅಂಚಿನಲ್ಲಿ ಅಣುತೂಕ ಬರೆದು, ಕೂಡಿ ಭಾಗಿಸಿ, ಕಾಲು ಕಿಲೋ ಸಾಕೆಂದೆ. ಪಂಪಿನ ಕೋಣೆಯ ಮೂಲೆಯ ಚೀಲದಿಂದ ಸುಣ್ಣದ ಪುಡಿ ತೂಗಿ ನಾನೇ ಕದಡಿದೆ.

ಪಂಪು ಹಚ್ಚುವ ಮೊದಲು ಮಾವ ಫಳಫಳ ಹೊಳೆಯುವ ಕುಡಗೋಲನ್ನು ಬ್ಯಾರೆಲ್ಲಿಗೆ ಅದ್ದಿದರು. ಸ್ವಲ್ಪ ಹೊತ್ತಿಗೆ ಎತ್ತಿದರು. ಅಲಗಿನ ತುಂಬ ಕೆಂಪು ತಾಮ್ರ!

"ಇದನ್ನ ಹೊಡದ್ರ ಎಲಿ ಸುಡತಾವ್ರಿ. ಸುಣ್ಣ ಸಾಲಂಗಿಲ್ಲ."

ಸುಣ್ಣಕ್ಕೆ ಸಿಗದೆ ಉಳಿದ ತಾಮ್ರವೇ ಅಲಗಿಗೆ ಹತ್ತಿತ್ತು; ಎಲೆ ಸುಡುವುದೂ ಅದೇ. ಎರಡೆಕರೆ ಹೂವನ್ನು ನನ್ನ ಕೈಯಾರೆ ಸುಡುವವನಿದ್ದೆ. ತಾಮ್ರದ ದ್ರಾವಣಕ್ಕೆ ಕಬ್ಬಿಣ ಅದ್ದಿದರೆ ಏನಾಗುತ್ತದೆ ಎಂಬುದು ಪ್ರತಿವರ್ಷ ನಾನೇ ಕೊಡುವ ಪ್ರಶ್ನೆ (ಎರಡು ಮಾರ್ಕ್ಸ್).

"ಮೂಲ್ಯಾಗಿನ ಚೀಲ ಹ್ವಾದ ವರ್ಷದ್ದರಿ, ಸತ್ತ ಸುಣ್ಣ," ಅಂದರು ಮಾವ.

ಅವರೆಂದದ್ದು ಸರಿಯೇ. ಗಾಳಿ ಕುಡಿದು ಕುಡಿದು ಅದು ಕಾರ್ಬೊನೇಟ್ ಆಗಿತ್ತು. ಒಳಗೆ ಕಾರ್ಬನ್ ಬಂದು ಸೇರಿಕೊಂಡಿದ್ದರೂ ಹೆಸರು ಮಾತ್ರ ಸುಣ್ಣವೇ.

ಮಾವ ಪಂಪಿನ ಹಿಂದಿನಿಂದ ಒಂದು ಗಡಿಗೆ ತಂದರು. ಹಿಂದಿನ ಸಂಜೆಯೇ ನೀರು ಹಾಕಿ ಅರಳಿಸಿಟ್ಟ ಹೊಸ ಸುಣ್ಣ!

"ಮೊದಲ ಯಾಕ ಹೇಳಲಿಲ್ರಿ?"

"ಅಳಿಯಂದ್ರಿಗೆ ಹೆಂಗ ಹೇಳೂದ್ರಿ? ಅದಕ ಕುಡಗೋಲ ಕಡಿಂದ ಹೇಳಿಸಿದೆ."

ಸುಣ್ಣ ಸುರಿದು, ಕುಡಗೋಲು ತಿಕ್ಕಿ ಮತ್ತೆ ಅದ್ದಿದರು. ಅಲಗು ಹೊಳಪಾಗಿಯೇ ಉಳಿಯಿತು. ಮಧ್ಯಾಹ್ನದೊಳಗೆ ತೋಟಕ್ಕೆಲ್ಲ ಔಷಧ ಹೊಡೆದಾಯಿತು.

ಅಥಣಿಗೆ ಬಂದು ಬೀಗ ತೆಗೆಯುವಾಗ ಬಾಗಿಲ ಬೋರ್ಡು ಕಣ್ಣಿಗೆ ಬಿತ್ತು. ನನ್ನ ಹೆಸರು, ಮುಂದೆ ಬಿ.ಎಸ್ಸಿ., ಬಿ.ಎಡ್. ಮುಂದಿನ ತಿಂಗಳು ಮಾವ ಬರುವವರಿದ್ದಾರೆ. ಬರುವಾಗ ಕುಡಗೋಲು ತಂದರೆ ಏನು ಮಾಡಲಿ?